ಹಳೇ ಫೋರ್ ಬೈ ಫೋರ್‌ನ ಆಟೋಮ್ಯಾಟಿಕ್ ಗೇರ್ ಬಾಕ್ಸ್ ತಕರಾರು ಮಾಡಿದರೆ

ಹತ್ತು ಹದಿನೈದು ವರ್ಷ ಹಳೆಯ ಎಂಡೇವರ್, ಮೊಂಟೆರೊ, ರೆಕ್ಸ್‌ಟನ್, ಪ್ರಾಡೊ, ಗ್ರ್ಯಾಂಡ್ ವಿಟಾರಾ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಇಂಥ ಫೋರ್ ಬೈ ಫೋರ್ ಗಾಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಮಂಗಳೂರು, ಉಡುಪಿ ಕಡೆ ಈಗಲೂ ಸಿಗುತ್ತಾರೆ. ತೋಟದ ದಾರಿಗೂ ಅದೇ, ಘಟ್ಟ ಹತ್ತಲಿಕ್ಕೂ ಅದೇ, ರಜೆಯಲ್ಲಿ ಕೆಸರಿಗೆ ಇಳಿಯಲಿಕ್ಕೂ ಅದೇ. ಎಂಜಿನ್ ಬಗ್ಗೆ ಇವರಿಗೆ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಆಟೋಮ್ಯಾಟಿಕ್ ಗೇರ್ ಬಾಕ್ಸ್ ಬಗ್ಗೆ. ಡಿ (ಮುಂದಕ್ಕೆ ಹೋಗುವ ಗೇರ್) ಹಾಕಿದರೆ ಗಾಡಿ ಹೊರಡಲು ತಡ ಮಾಡುತ್ತದೆ, ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತದೆ, ಇಲ್ಲವೇ ಒಂದೇ ಗೇರಿನಲ್ಲಿ ಅಂಟಿಕೊಂಡು ಕೂರುತ್ತದೆ. ಗ್ಯಾರೇಜಿಗೆ ಹೋದರೆ ಬಾನೆಟ್ ತೆಗೆಯುವ ಮೊದಲೇ ತೀರ್ಪು ಬಂದಿರುತ್ತದೆ: "ಗೇರ್ ಬಾಕ್ಸ್ ಹೋಗಿದೆ ಸರ್, ಇಳಿಸಬೇಕು."

ಇಳಿಸುವುದು ಕೊನೆಯ ಕೆಲಸ. ಅದಕ್ಕೂ ಮೊದಲು ನೋಡಬೇಕಾದ್ದು ಆಯಿಲ್, ನೀರು, ಕರೆಂಟು, ಆಮೇಲೆ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್. ಇದೇ ಕ್ರಮದಲ್ಲಿ. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಉಳಿದ ದಿನ ಉಪ್ಪು ಗಾಳಿ ಬೀಸುತ್ತದೆ. ಒಳಗಿನ ಪ್ಲೇಟು ಸವೆಯುವುದಕ್ಕಿಂತ ಮೊದಲೇ ಹೊರಗಿನ ಪೈಪು, ಪ್ಲಗ್ಗು, ಸೀಲು ಹಾಳಾಗುವ ಊರು ಇದು.

ದಾರಿಯಲ್ಲೇ ಕೈಕೊಟ್ಟರೆ

ಮೊದಲು ಗಾಡಿಯನ್ನು ಬದಿಗೆ ಹಾಕಿ. ಎಕ್ಸಿಲರೇಟರ್ ಒತ್ತಿ ಒತ್ತಿ ನೋಡಬೇಡಿ. ಎಂಜಿನ್ ಕೂಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ ಎಂದರೆ ಬಾಕ್ಸಿನ ಒಳಗೆ ಗೇರ್ ಹಿಡಿಯುವ ಕ್ಲಚ್ ಪ್ಲೇಟುಗಳು ಜಾರುತ್ತಿವೆ. ಆಗ ಒತ್ತಿದ ಒಂದೊಂದು ನಿಮಿಷಕ್ಕೂ ಆಮೇಲೆ ದುಡ್ಡು ಕೊಡಬೇಕಾಗುತ್ತದೆ.

ಕೆಳಗೆ ಬಗ್ಗಿ ನೋಡಿ. ಕೆಂಪು ಆಯಿಲ್ ಸೋರುತ್ತಿದ್ದರೆ ಎಂಜಿನ್ ಆಫ್ ಮಾಡಿ, ಅಲ್ಲಿಗೇ ಮುಗಿಯಿತು. ಸೋರುವುದು ಇಲ್ಲ, ಸುಟ್ಟ ವಾಸನೆಯೂ ಇಲ್ಲ, ಗಾಡಿ ಒಂದೇ ಗೇರಿನಲ್ಲಿ ನಿಧಾನಕ್ಕೆ ಹೋಗುತ್ತಿದೆ ಎಂದಾದರೆ ಅದು ಬಹುಶಃ ಲಿಂಪ್ ಮೋಡ್. ಕಂಪ್ಯೂಟರಿಗೆ ಏನೋ ತಪ್ಪು ಸಿಗ್ನಲ್ ಬಂದಿದೆ, ಗೇರ್ ಬಾಕ್ಸ್ ಉಳಿಸಲು ಆ ಕಂಪ್ಯೂಟರೇ ಗಾಡಿಯನ್ನು ಒಂದು ಗೇರಿಗೆ ಕಟ್ಟಿಹಾಕಿದೆ. ಕೆಲವು ಗಾಡಿಗಳಲ್ಲಿ ಅದು ಮೂರನೇ ಗೇರ್. ರೆಕ್ಸ್‌ಟನ್‌ನಲ್ಲಿರುವ 5 ಗೇರಿನ ಬಾಕ್ಸ್ ಮರ್ಸಿಡಿಸ್‌ನದು, ಅದು ಎರಡನೇ ಗೇರಿನಲ್ಲಿ ನಿಲ್ಲುತ್ತದೆ. ಪಿ (ಪಾರ್ಕ್) ಹಾಕಿ, ಎಂಜಿನ್ ಆಫ್ ಮಾಡಿ, ಸ್ವಲ್ಪ ಬಿಟ್ಟು ಸ್ಟಾರ್ಟ್ ಮಾಡಿ. ಸರಿಯಾದರೆ ನಿಧಾನಕ್ಕೆ ಮನೆಗೆ ತನ್ನಿ. ಸರಿಯಾಯಿತು ಅಂತ ಮರೆತುಬಿಡಬೇಡಿ. ಆ ತಪ್ಪಿನ ಗುರುತು, ಅಂದರೆ ಕೋಡ್, ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಅದನ್ನು ಓದಿಸಬೇಕು. ಹಾಗಾಗಿ ಬ್ಯಾಟರಿ ವೈರ್ ತೆಗೆದು ಹಾಕುವ ಹಳೇ ಪ್ರಯೋಗ ಬೇಡ. ಕೆಲವು ಗಾಡಿಗಳಲ್ಲಿ ಅದರಿಂದ ಆ ಗುರುತು ಅಳಿಸಿ ಹೋಗುತ್ತದೆ.

ಎಳೆಸಿಕೊಂಡು ಹೋಗುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಆಟೋಮ್ಯಾಟಿಕ್‌ನಲ್ಲಿ ಆಯಿಲ್ ಪಂಪ್ ತಿರುಗುವುದು ಎಂಜಿನ್‌ನಿಂದ. ಎಂಜಿನ್ ಬಂದ್ ಮಾಡಿ ಹಗ್ಗ ಕಟ್ಟಿ ಎಳೆದರೆ ಚಕ್ರದ ಜೊತೆ ಗೇರ್ ಬಾಕ್ಸಿನ ಒಳಭಾಗ ತಿರುಗುತ್ತದೆ, ಆದರೆ ಅದಕ್ಕೆ ಆಯಿಲ್ ಸಿಗುವುದಿಲ್ಲ. ಗುಂಡ್ಯದಿಂದ ಮಂಗಳೂರಿಗೆ ಹಾಗೆ ಎಳೆದು ತಂದರೆ, ಸಣ್ಣ ವೈರಿನ ಕೆಲಸ ಪೂರ್ತಿ ಓವರ್‌ಹಾಲ್ ಆಗಬಹುದು. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಕರೆಸಿ. ಫೋರ್ ವೀಲ್ ಹಾಕಲು ಬೇರೆಯೇ ಲಿವರ್ ಇರುವ ಹಳೇ ಫೋರ್ ಬೈ ಫೋರ್‌ಗಳಲ್ಲಿ ಟ್ರಾನ್ಸ್‌ಫರ್ ಕೇಸಿಗೂ (ಗೇರ್ ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಕ್ಕೆ ಹಂಚುವ ಪೆಟ್ಟಿಗೆ) ನ್ಯೂಟ್ರಲ್ ಇರುತ್ತದೆ. ಅದನ್ನು ಹಾಕಿದರೆ ಗೇರ್ ಬಾಕ್ಸ್ ಚಕ್ರದಿಂದ ಬೇರೆಯಾಗುತ್ತದೆ. ನಿಮ್ಮ ಗಾಡಿಯಲ್ಲಿ ಹಾಗೆ ಎಳೆಯಬಹುದಾ ಎಂದು ಕೈಪಿಡಿಯಲ್ಲಿ ಈಗಲೇ ನೋಡಿಟ್ಟುಕೊಳ್ಳಿ. ಚಾರ್ಮಾಡಿಯ ಮಂಜಿನಲ್ಲಿ ನಿಂತು ಹುಡುಕಲು ಆಗುವುದಿಲ್ಲ, ಅಲ್ಲಿ ನೆಟ್‌ವರ್ಕನ್ನೂ ನಂಬುವ ಹಾಗಿಲ್ಲ.

ಆಯಿಲ್ ನೋಡುವುದು

ಎಂಜಿನ್ ಆಯಿಲ್ ನೋಡುವ ಹಾಗೆ ಇದನ್ನು ನೋಡುವುದಲ್ಲ. ತಣ್ಣಗಿರುವಾಗ, ಎಂಜಿನ್ ಬಂದ್ ಇರುವಾಗ ನೋಡಿದರೆ ಲೆವೆಲ್ ತಪ್ಪು ತೋರಿಸುತ್ತದೆ. ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಆಯಿಲ್ ಬಿಸಿ ಮಾಡಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಕರಾವಳಿಯ ಮನೆಯಂಗಳಗಳು ಹೆಚ್ಚಾಗಿ ಇಳಿಜಾರು, ಅಲ್ಲಿ ಬೇಡ. ಎಂಜಿನ್ ಓಡುತ್ತಿರಲಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನಲ್ಲಿ ಬ್ರೇಕ್ ಒತ್ತಿ ಹಿಡಿದು, ಪಿ ಇಂದ ಕೊನೆಯ ಗೇರ್ ತನಕ ಒಂದೊಂದಾಗಿ ಹಾಕಿ ವಾಪಸ್ ಪಿ ಗೆ (ಮಿತ್ಸುಬಿಷಿಯಂಥ ಕೆಲವು ಗಾಡಿಗಳಲ್ಲಿ ಎನ್, ಅಂದರೆ ನ್ಯೂಟ್ರಲ್‌ಗೆ, ಕೈಪಿಡಿ ನೋಡಿ) ತನ್ನಿ. ಆಮೇಲೆ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಹಾಕಿ ತೆಗೆಯಿರಿ. ಹಾಟ್ ಎಂದು ಬರೆದ ಗೆರೆಗಳ ನಡುವೆ ಇರಬೇಕು. ಒರೆಸಲು ನೂಲು ಬಿಡುವ ಹಳೇ ಬನಿಯನ್ ಬಟ್ಟೆ ಬೇಡ. ಅದರ ಒಂದು ಎಳೆ, ಗೇರ್ ಬದಲಿಸಲು ಆಯಿಲ್ ಹಂಚುವ ವಾಲ್ವ್ ಬಾಡಿಯೊಳಗೆ ಹೋದರೂ ಸಾಕು, ಹೊಸ ತಲೆನೋವು.

ಲೆವೆಲ್‌ಗಿಂತ ಮುಖ್ಯ ಬಣ್ಣ ಮತ್ತು ವಾಸನೆ. ಬಿಳಿ ಟಿಶ್ಯೂ ಮೇಲೆ ಎರಡು ಹನಿ ಬಿಟ್ಟು ಬಿಸಿಲಿಗೆ ಹಿಡಿಯಿರಿ. ಹೊಸದಾದರೆ ತಿಳಿ ಕೆಂಪು, ಅಂಚು ಸ್ಪಷ್ಟವಾಗಿ ಹರಡುತ್ತದೆ. ಕಂದು ಕೆಂಪು ಇದ್ದು ವಾಸನೆ ಇಲ್ಲದಿದ್ದರೆ ಹಳತಾಗಿದೆ ಅಷ್ಟೇ, ಬದಲಿಸಿದರೆ ಆಯಿತು. ಕಪ್ಪಾಗಿ, ಮೂಗಿಗೆ ಬಡಿಯುವ ಸುಟ್ಟ ವಾಸನೆ ಇದ್ದು, ಟಿಶ್ಯೂ ನಡುವೆ ಕಪ್ಪು ಪುಡಿ ಉಳಿದರೆ ಪ್ಲೇಟುಗಳು ತಿಂದುಹೋಗಿವೆ. ಇನ್ನೊಂದು ಬಣ್ಣ ಉಂಟು, ಅದು ಎಲ್ಲಕ್ಕಿಂತ ಕೆಟ್ಟದ್ದು: ರೋಸ್ ಮಿಲ್ಕ್ ಹಾಗೆ ಮಂದ ಗುಲಾಬಿ. ಅದರಲ್ಲಿ ನೀರು ಸೇರಿದೆ. ಆ ಗಾಡಿಯನ್ನು ಸ್ಟಾರ್ಟ್ ಕೂಡ ಮಾಡಬೇಡಿ.

ಡಿಪ್‌ಸ್ಟಿಕ್ಕೇ ಇಲ್ಲದ ಗಾಡಿಗಳೂ ಇವೆ. ಅವುಗಳಲ್ಲಿ ಆಯಿಲ್‌ನ ಬಿಸಿಯನ್ನು ಸ್ಕ್ಯಾನರಿನಲ್ಲಿ ನೋಡಿ, ಕಂಪನಿ ಹೇಳಿದ ಡಿಗ್ರಿಗೆ ಬಂದಾಗ ಕೆಳಗಿನ ಪ್ಲಗ್ ತೆಗೆದು ಹನಿ ಬೀಳುವುದನ್ನು ನೋಡಬೇಕು. ಇದನ್ನು ಲಿಫ್ಟ್ ಇರುವ ಗ್ಯಾರೇಜಿಗೆ ಬಿಡಿ. ಮರ್ಸಿಡಿಸ್ ಬಾಕ್ಸಿನಲ್ಲಿ ಟ್ಯೂಬ್ ಇರುತ್ತದೆ, ಒಳಗೆ ಕಡ್ಡಿ ಇರುವುದಿಲ್ಲ. ಯಾರೋ ಕಳೆದುಹಾಕಿದ್ದಾರೆ ಅಂತ ಮೆಕ್ಯಾನಿಕ್ ಜೊತೆ ಜಗಳಕ್ಕೆ ಹೋಗಬೇಡಿ ಮಾರಾಯ್ರೇ.

ಡಿ ಹಾಕಿದಾಗ ತಡವಾಗುತ್ತಿದೆ ಅನ್ನಿಸಿದರೆ ಮೊಬೈಲಿನಲ್ಲಿ ಸಮಯ ಅಳೆಯಿರಿ. ಟೊಯೋಟಾ ಕೈಪಿಡಿಗಳ ಲೆಕ್ಕದಲ್ಲಿ ಎನ್ ಇಂದ ಡಿ ಗೆ 1.2 ಸೆಕೆಂಡ್ ಒಳಗೆ, ಎನ್ ಇಂದ ಆರ್ (ರಿವರ್ಸ್) ಗೆ 1.5 ಸೆಕೆಂಡ್ ಒಳಗೆ ಗೇರ್ ಹಿಡಿದ ಅನುಭವ ಆಗಬೇಕು. ಬೆಳಿಗ್ಗೆ ಮಾತ್ರ ತಡ, ಬಿಸಿಯಾದ ಮೇಲೆ ಸರಿ ಎಂದಾದರೆ ಆಯಿಲ್ ಕಡಿಮೆ ಅಥವಾ ಸೀಲು ಗಟ್ಟಿಯಾಗಿದೆ ಎಂದು ಅನುಮಾನ ಪಡಿ. ಬಿಸಿಯಾದ ಮೇಲೆ ಜಾಸ್ತಿಯಾದರೆ ಒಳಗೆ ಪ್ರೆಷರ್ ಸೋರುತ್ತಿರಬಹುದು. ಅದು ದೊಡ್ಡ ಕೆಲಸ.

ನೀರು ಹೇಗೆ ಒಳಗೆ ಬರುತ್ತದೆ

ದಾರಿ ಎರಡು. ಒಂದು ರೇಡಿಯೇಟರ್. ಹಳೇ ಗಾಡಿಗಳಲ್ಲಿ ಗೇರ್ ಬಾಕ್ಸ್ ಆಯಿಲ್ ತಣ್ಣಗಾಗುವುದು ಹೆಚ್ಚಾಗಿ ರೇಡಿಯೇಟರಿನ ಒಳಗಿರುವ ಸಣ್ಣ ಕೂಲರಿನಲ್ಲಿ. ಅದು ತುಕ್ಕು ತಿಂದು ತೂತಾದರೆ ಕೂಲೆಂಟ್ ಆಯಿಲ್‌ಗೆ, ಆಯಿಲ್ ಕೂಲೆಂಟ್‌ಗೆ. ಕೂಲೆಂಟ್ ಬಾಟಲಿಯ ಮುಚ್ಚಳ ತೆಗೆದು ನೋಡಿ, ಎಂಜಿನ್ ತಣ್ಣಗಿರುವಾಗ ಮಾತ್ರ. ಮೇಲೆ ಗುಲಾಬಿ ಕೆನೆ ಕಟ್ಟಿದ್ದರೆ ಇದೇ ಕಾಯಿಲೆ. ಕೂಲೆಂಟ್ ದುಬಾರಿ ಅಂತ ಬಾವಿ ನೀರು ತುಂಬಿಸಿಕೊಂಡು ಓಡುವ ಗಾಡಿಗಳಿಗೆ ಇದು ಬೇಗ ಬರುತ್ತದೆ.

ಇನ್ನೊಂದು ದಾರಿ ಬ್ರೀದರ್ ಪೈಪ್. ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮುಂದೆ ಹಿಂದೆ ಚಕ್ರಗಳ ನಡುವಿನ ಎರಡೂ ಡಿಫರೆನ್ಷಿಯಲ್, ಎಲ್ಲಕ್ಕೂ ಉಸಿರಾಡಲು ಒಂದೊಂದು ಸಣ್ಣ ಪೈಪ್ ಇರುತ್ತದೆ. ಬಿಸಿಯಾದ ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಪೈಪಿನ ಬಾಯಿ ನೀರಿನಲ್ಲಿದ್ದರೆ ನೀರನ್ನೇ ಒಳಗೆ ಎಳೆಯುತ್ತದೆ. ಹೊಳೆ ದಾಟುವವರಿಗೆ ಮಾತ್ರ ಈ ಅಪಾಯ ಅಂದುಕೊಳ್ಳಬೇಡಿ. ಜೋರು ಮಳೆಗೆ ಪಂಪ್‌ವೆಲ್, ಕೊಟ್ಟಾರ ಚೌಕಿ, ಉಡುಪಿಯ ಕಲ್ಸಂಕದಲ್ಲಿ ನೀರು ನಿಂತಾಗ ನಿಧಾನಕ್ಕೆ ಸಾಲಿನಲ್ಲಿ ಹೋಗುವ ಗಾಡಿಗೂ ಇದೇ ಅಪಾಯ.

ಇದಕ್ಕೆ ಮಾಡಬೇಕಾದ ಕೆಲಸ ಸಣ್ಣದು, ಮೇ ತಿಂಗಳಲ್ಲಿ ಮಾಡಿ ಮುಗಿಸಿ. ಗಾಡಿಯ ಕೆಳಗೆ ಹೋಗಿ ನಾಲ್ಕು ಬ್ರೀದರ್ ಎಲ್ಲಿ ಕೊನೆಯಾಗುತ್ತವೆ ನೋಡಿ. ರಬ್ಬರ್ ಪೈಪ್ ಒಡೆದಿದೆಯಾ, ತುದಿಗೆ ಕೆಸರು ಕಟ್ಟಿದೆಯಾ, ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆಯಾ? ಕಟ್ಟಿದ್ದರೆ ಉಲ್ಟಾ ತೊಂದರೆ, ಒಳಗಿನ ಪ್ರೆಷರ್ ಹೊರಗೆ ಹೋಗದೆ ಸೀಲುಗಳಿಂದ ಆಯಿಲ್ ಉಗುಳುತ್ತದೆ. ಆಯಿಲ್ ತಾಳುವ ಹೊಸ ಪೈಪ್ ಹಾಕಿ, ಬಾನೆಟ್ ಒಳಗೆ ಎತ್ತರಕ್ಕೆ ತಂದು, ಬಾಯಿ ಕೆಳಮುಖ ಮಾಡಿ ಕ್ಲಿಪ್ ಹಾಕಿಸಿ. ಸೈಲೆನ್ಸರ್ ಪೈಪಿಗೆ ತಾಗದಂತೆ ನೋಡಿ.

ನೀರು ಸೇರಿದ ಮೇಲೆ ಸಮಯ ಮುಖ್ಯ. ಕ್ಲಚ್ ಪ್ಲೇಟಿನ ಮೇಲಿರುವುದು ಕಾಗದದಂಥ ಪದರ, ಅದನ್ನು ಅಂಟಿನಿಂದ ಕೂರಿಸಿರುತ್ತಾರೆ. ನೀರು ಕುಡಿದರೆ ಪದರ ಉಬ್ಬಿ ಕಿತ್ತು ಬರುತ್ತದೆ. ಓಡಿಸದೆ ಕೂಡಲೇ ಫ್ಲಾಟ್‌ಬೆಡ್‌ನಲ್ಲಿ ತಂದು, ಆಯಿಲ್ ಪೂರ್ತಿ ತೆಗೆಸಿ, ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಮತ್ತು ಕೂಲರ್ ಪೈಪ್ ಖಾಲಿ ಮಾಡಿಸಿ, ಹೊಸ ಆಯಿಲ್ ಹಾಕಿ ಮತ್ತೆ ತೆಗೆಸಿದರೆ ಕೆಲವೊಮ್ಮೆ ಉಳಿಯುತ್ತದೆ. ನಾಲ್ಕು ದಿನ ಓಡಿಸಿ ಆಮೇಲೆ ತಂದರೆ ಉಳಿಯುವ ಆಸೆ ಕಡಿಮೆ. ರೇಡಿಯೇಟರಿನಿಂದ ಬಂದ ನೀರಾದರೆ ರೇಡಿಯೇಟರ್ ಬದಲಿಸದೆ ಬರೀ ಆಯಿಲ್ ಬದಲಿಸಿ ಪ್ರಯೋಜನವಿಲ್ಲ. ಹಳೇ ಗಾಡಿಗೆ ನನ್ನ ಸಲಹೆ ಇಷ್ಟು: ರೇಡಿಯೇಟರಿನ ಕೂಲರ್ ಬಿಟ್ಟು, ಮುಂದೆ ಗಾಳಿ ಬೀಳುವ ಕಡೆ ಬೇರೆಯೇ ಆಯಿಲ್ ಕೂಲರ್ ಹಾಕಿಸಿ. ನಮ್ಮೂರಿನಲ್ಲಿ ಚಳಿಯ ಚಿಂತೆ ಇಲ್ಲವಲ್ಲ.

ಕರೆಂಟಿನ ಕಡೆಯ ತೊಂದರೆ

ಲಿವರ್ ಪಿ ಯಿಂದ ಹೊರಗೇ ಬರುವುದಿಲ್ಲವಾ? ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಒತ್ತಿ. ಬ್ರೇಕ್ ಲೈಟ್ ಉರಿಯದಿದ್ದರೆ ತೊಂದರೆ ಗೇರ್ ಬಾಕ್ಸಿನದಲ್ಲ, ಪೆಡಲ್ ಹತ್ತಿರದ ಸ್ವಿಚ್ಚಿನದು ಅಥವಾ ಫ್ಯೂಸಿನದು. ಬ್ರೇಕ್ ಒತ್ತಿದ ಸಿಗ್ನಲ್ ಬಾರದೆ ಲಿವರ್ ಬಿಡುವುದಿಲ್ಲ. ಆ ಹೊತ್ತಿಗೆ ಗಾಡಿ ತೆಗೆಯಬೇಕಾದರೆ ಹಲವು ಗಾಡಿಗಳಲ್ಲಿ ಲಿವರ್ ಪಕ್ಕದಲ್ಲಿ ಶಿಫ್ಟ್ ಲಾಕ್ ಎಂದು ಬರೆದ ಸಣ್ಣ ಮುಚ್ಚಳ ಇರುತ್ತದೆ, ಅದರ ಕೆಳಗಿನ ಗುಂಡಿಯನ್ನು ಕೀಯಿಂದ ಒತ್ತಿ ಲಿವರ್ ಎಳೆಯಬಹುದು. ಬ್ರೇಕ್ ಲೈಟ್ ಇಲ್ಲದೆ ಹೆದ್ದಾರಿಗೆ ಮಾತ್ರ ಹೋಗಬೇಡಿ.

ಆಮೇಲೆ ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಹತ್ತಿರ, ಎಂಜಿನ್ ಓಡುವಾಗ 13.8 ರಿಂದ 14.4 ಇರಬೇಕು. ವೋಲ್ಟೇಜ್ ಬಿದ್ದರೆ ಆಯಿಲ್ ದಾರಿ ತೆರೆದು ಮುಚ್ಚುವ ಕರೆಂಟಿನ ವಾಲ್ವ್, ಅಂದರೆ ಸೊಲೆನಾಯ್ಡ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಕಂಪ್ಯೂಟರ್ ಸುಮ್ನೆ ತಪ್ಪು ಕೋಡ್ ಕೊಡುತ್ತದೆ. ಕೋಡ್ ಓದಿಸಿ ಆದ ಮೇಲೆ, ಬ್ಯಾಟರಿಯಿಂದ ಬಾಡಿಯ ತಗಡಿಗೆ, ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ವೈರುಗಳನ್ನು ಬಿಚ್ಚಿ, ಮರಳು ಕಾಗದದಿಂದ ತಿಕ್ಕಿ, ಬಿಗಿ ಮಾಡಿ. ಸಮುದ್ರದ ಹತ್ತಿರ ನಿಲ್ಲುವ ಗಾಡಿಗಳಿಗೆ, ಅಂದರೆ ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದವರಿಗೆ, ಇದು ವರ್ಷಕ್ಕೊಮ್ಮೆಯ ಕೆಲಸ.

ಗೇರ್ ಬಾಕ್ಸಿನ ಪಕ್ಕದಲ್ಲಿ ಲಿವರಿನ ಕೇಬಲ್ ಬಂದು ಸೇರುವ ಕಡೆ ಒಂದು ಸ್ವಿಚ್ ಇರುತ್ತದೆ. ನ್ಯೂಟ್ರಲ್ ಸ್ವಿಚ್ ಎನ್ನುತ್ತಾರೆ. ಗಾಡಿ ಯಾವ ಗೇರಿನಲ್ಲಿದೆ ಎಂದು ಕಂಪ್ಯೂಟರಿಗೆ ಹೇಳುವುದು ಅದೇ. ಕೆಸರು, ಉಪ್ಪು ನೀರು ಮೊದಲು ಬೀಳುವುದೂ ಅದರ ಮೇಲೆ. ಪಿ ಯಲ್ಲಿ ಸ್ಟಾರ್ಟ್ ಆಗುವುದಿಲ್ಲ, ಎನ್ ನಲ್ಲಿ ಆಗುತ್ತದೆ. ಡಿ ಯಲ್ಲಿದ್ದರೂ ಮೀಟರಿನಲ್ಲಿ ಏನೂ ಕಾಣುವುದಿಲ್ಲ. ರಿವರ್ಸ್ ಲೈಟ್ ಒಮ್ಮೆ ಉರಿದು ಒಮ್ಮೆ ಉರಿಯದು. ಈ ಲಕ್ಷಣ ಇದ್ದರೆ ಅದರ ಪ್ಲಗ್ ಬಿಚ್ಚಿ. ಪಿನ್‌ಗಳ ಬುಡದಲ್ಲಿ ಹಸಿರು ಪುಡಿ ಕೂತಿರುತ್ತದೆ, ಒಂದೆರಡು ಪಿನ್ ಅರ್ಧಕ್ಕೆ ತೆಳುವಾಗಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ತಿಕ್ಕಿ, ಒಣಗಿಸಿ, ಪ್ಲಗ್ಗಿನ ರಬ್ಬರ್ ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟು ಹರಿಯಬಿಡದ ಗ್ರೀಸ್) ಸವರಿ ಹಾಕಿ. ಚಕ್ರಕ್ಕೆ ಹಾಕುವ ಗ್ರೀಸ್ ಅಲ್ಲ.

ಮರ್ಸಿಡಿಸ್ ಬಾಕ್ಸ್ ಇರುವವರು ಇನ್ನೊಂದು ನೋಡಬೇಕು. ಬಾಕ್ಸಿಗೆ ಹೋಗುವ 13 ಪಿನ್ನಿನ ದುಂಡು ಪ್ಲಗ್ ಇದೆ. ಅದರ ಸಣ್ಣ ರಬ್ಬರ್ ಓ ರಿಂಗ್ ಸೋತರೆ ಆಯಿಲ್ ವೈರುಗಳ ಒಳಗಿಂದಲೇ ಹತ್ತಿ ಕಂಪ್ಯೂಟರ್ ತನಕ ಹೋಗುತ್ತದೆ. ಹತ್ತುವ ಮೊದಲು ಗೊತ್ತಾದರೆ ಖರ್ಚು ತೀರಾ ಕಡಿಮೆ.

ಸ್ಕ್ಯಾನರ್ ಹಾಕಿಸುವಾಗ

"ಸ್ಕ್ಯಾನರ್ ಹಾಕಿದೆವು, ಗೇರ್ ಬಾಕ್ಸ್ ಫಾಲ್ಟ್ ಅಂತ ಬಂತು" ಅಂದರೆ ಸಾಲದು. ಯಾವ ಕೋಡ್ ಬಂತು ಎಂದು ಕೇಳಿ, ಸ್ಕ್ರೀನಿನ ಫೋಟೋ ತೆಗೆದುಕೊಳ್ಳಿ. ಪಿ0700 ಎಂದರೆ ಗೇರ್ ಬಾಕ್ಸ್ ಕಂಪ್ಯೂಟರಿನಲ್ಲಿ ಬೇರೆ ಕೋಡ್ ಇದೆ, ಹೋಗಿ ಓದಿ ಎಂಬ ಸೂಚನೆ ಮಾತ್ರ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳು ಹಲವು ಗಾಡಿಗಳಲ್ಲಿ ಅಲ್ಲಿಗೇ ನಿಂತುಬಿಡುತ್ತವೆ. ಪಿ0705 ಬಂದರೆ ಮೇಲೆ ಹೇಳಿದ ನ್ಯೂಟ್ರಲ್ ಸ್ವಿಚ್. ಪಿ0710 ಆಯಿಲ್ ಬಿಸಿ ಅಳೆಯುವ ಸೆನ್ಸರ್, ಪಿ0715 ಮತ್ತು ಪಿ0720 ಸ್ಪೀಡ್ ಸೆನ್ಸರುಗಳು. ಪಿ0740 ಕನ್ವರ್ಟರ್ ಲಾಕ್ (ವೇಗದಲ್ಲಿ ಕನ್ವರ್ಟರ್ ಜಾರದಂತೆ ಹಿಡಿಯುವ ಕ್ಲಚ್), ಪಿ0750 ರಿಂದ ಶುರುವಾಗುವ ಸಾಲು ಶಿಫ್ಟ್ ಸೊಲೆನಾಯ್ಡ್. ಇವುಗಳಲ್ಲಿ ಬಹಳಷ್ಟನ್ನು ಬಾಕ್ಸ್ ಇಳಿಸದೆ ಸರಿಮಾಡಬಹುದು. ಸೊಲೆನಾಯ್ಡ್‌ಗಳು ಎಷ್ಟೋ ಬಾಕ್ಸುಗಳಲ್ಲಿ ಆಯಿಲ್ ಪ್ಯಾನ್ ತೆಗೆದರೆ ಕೈಗೆ ಸಿಗುತ್ತವೆ. ಪಿ0730, ಅಂದರೆ ಗೇರ್ ರೇಶಿಯೋ ತಪ್ಪಾಗಿದೆ ಎಂಬ ಕೋಡ್, ಅದರ ಜೊತೆ ಸುಟ್ಟ ಆಯಿಲ್ ಇದ್ದರೆ ಇಳಿಸುವ ಮಾತಿಗೆ ಅರ್ಥ ಬರುತ್ತದೆ.

ಕೋಡ್ ಸೆನ್ಸರಿನ ಹೆಸರು ಹೇಳಿತು ಅಂತ ಸೆನ್ಸರ್ ತಂದುಬಿಡಬೇಡಿ. ಮೊದಲು ಅದರ ವೈರು, ಪ್ಲಗ್ಗು. ಇಲಿ ಕಡಿದಿರುವುದು ನಮ್ಮಲ್ಲಿ ಮಾಮೂಲು, ಮಳೆಗಾಲದಲ್ಲಿ ಅವಕ್ಕೂ ಬೆಚ್ಚಗಿನ ಜಾಗ ಬೇಕಲ್ಲ.

ಬಾಕ್ಸಿನದಲ್ಲದ ಸದ್ದುಗಳು

ಡಿ ಹಾಕಿದಾಗ ಟಕ್ ಅಂದರೆ ಚಕ್ರದ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಅಥವಾ ಗೇರ್ ಬಾಕ್ಸ್ ಮೌಂಟಿಂಗ್ ಆಗಿರಬಹುದು. ಒಣ ಡಾಂಬರಿನಲ್ಲಿ ತಿರುಗಿಸುವಾಗ ಗಾಡಿ ಹಿಡಿದ ಹಾಗಾದರೆ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಮಾಮೂಲು ವೇಗದ ಗೇರ್) ಬಿಡದೆ ಉಳಿದಿರಬಹುದು. 60–80 ಕಿಲೋಮೀಟರ್ ವೇಗದಲ್ಲಿ, ಹಗುರವಾಗಿ ಎಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಕ ಬಂದರೆ ಅದು ಕನ್ವರ್ಟರ್ ಲಾಕಿನ ನಡುಕ ಇರಬಹುದು. ಪಡುಬಿದ್ರೆಯ ನೇರ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ, ಎಡಗಾಲಿನಿಂದ ಬ್ರೇಕನ್ನು ಲೈಟ್ ಉರಿಯುವಷ್ಟು ಮಾತ್ರ ಮುಟ್ಟಿ. ಹಿಂದೆ ಗಾಡಿ ಇರಬಾರದು. ಲಾಕ್ ಬಿಟ್ಟು ನಡುಕ ನಿಂತರೆ ಕಾರಣ ಅದೇ. ಆಯಿಲ್ ಬದಲಿಸಿದರೆ ಸರಿಯಾಗುವ ಸಾಧ್ಯತೆ ಇರುವ ಕಾಯಿಲೆ ಇದು.

ಆಯಿಲ್ ಬದಲಿಸುವುದಾದರೆ

ಯಾವ ಆಯಿಲ್ ಎಂಬುದು ಮೊದಲ ಪ್ರಶ್ನೆ. ಕೆಂಪಗಿರುವುದೆಲ್ಲ ಒಂದೇ ಅಲ್ಲ. ಹಳೇ ಟೊಯೋಟಾಗಳಿಗೆ ಟೈಪ್ ಟಿ-4, ಆಮೇಲೆ ಬಂದವಕ್ಕೆ ಡಬ್ಲ್ಯೂಎಸ್. ಮಿತ್ಸುಬಿಷಿಯ ಹಳೆಯವಕ್ಕೆ ಎಸ್‌ಪಿ-3. ಕೈಪಿಡಿಯಲ್ಲಿ ಬರೆದದ್ದೇ ಅಂತಿಮ. "ಎಲ್ಲಾ ಗಾಡಿಗೂ ಆಗುತ್ತದೆ" ಎನ್ನುವ ಡಬ್ಬಿ ಬೇಡ. ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಷೆವರ್ಲೆ 2017ಕ್ಕೇ ಮಾರಾಟ ಬಿಟ್ಟಿತು. ಅಂಥ ಗಾಡಿಗಳಿಗೆ ಫಿಲ್ಟರ್, ಗ್ಯಾಸ್ಕೆಟ್ ಮೊದಲೇ ತರಿಸಿಟ್ಟುಕೊಂಡು ಆಮೇಲೆ ಗಾಡಿ ಲಿಫ್ಟಿಗೆ ಹಾಕಿ. ಪ್ಯಾನ್ ತೆಗೆದಿಟ್ಟು ಪಾರ್ಟ್ಸ್‌ಗಾಗಿ ಕಾಯುವ ಪರಿಸ್ಥಿತಿ ಬೇಡ.

ಪ್ಲಗ್ ತೆಗೆದರೆ ಆಯಿಲ್ ಪೂರ್ತಿ ಬರುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ಕನ್ವರ್ಟರಿನಲ್ಲೇ ಉಳಿಯುವುದೂ ಉಂಟು. ಹಾಗಾಗಿ ತೆಗೆದಷ್ಟೇ ಅಳೆದು ಹಾಕಿ, ಕೆಲವು ದಿನ ಓಡಿಸಿ, ಮತ್ತೆ ಅದೇ ಮಾಡಿ. ಮೂರು ಸಲ ಮಾಡಿದರೆ ಹೆಚ್ಚು ಕಡಿಮೆ ಹೊಸದಾಗುತ್ತದೆ. ಮಷೀನ್ ಇಟ್ಟು ಒತ್ತಡದಲ್ಲಿ ಫ್ಲಶ್ ಮಾಡುವುದು ವರ್ಷಗಟ್ಟಲೆ ಆಯಿಲ್ ಬದಲಿಸದ ಗಾಡಿಗೆ ನನಗೆ ಇಷ್ಟವಿಲ್ಲ. ತಳದಲ್ಲಿ ಕೂತ ಕಸ ಎದ್ದು ಸಣ್ಣ ದಾರಿಗಳಿಗೆ ಹೋಗಿ ಕೂರಬಹುದು.

ಪ್ಯಾನ್ ತೆಗೆದಾಗ ನೀವು ಅಲ್ಲೇ ಇರಿ. ತಳದ ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಹೆದರಬೇಡಿ, ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಕಬ್ಬಿಣದ ಚೂರು, ಹಿತ್ತಾಳೆ ಬಣ್ಣದ ಹೊಳೆಯುವ ಪುಡಿ, ಕಪ್ಪು ಪದರದ ತುಂಡು ಇದ್ದರೆ ಫೋಟೋ ತೆಗೆದಿಡಿ. ಪ್ಯಾನಿನ ಬೋಲ್ಟ್‌ಗಳಿಗೆ ಬೇಕಾದ ಬಿಗಿ ತೀರಾ ಕಡಿಮೆ, ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಬಲ ಹಾಕಿ ತಿರುಗಿಸಿದರೆ ಪ್ಯಾನ್ ಬಾಗಿ ಮತ್ತೆ ಸೋರುತ್ತದೆ.

ಘಟ್ಟ, ಕೆಸರು

ಬಿಸಿಯೇ ಈ ಬಾಕ್ಸಿನ ವೈರಿ. 90 ಡಿಗ್ರಿ ಆಸುಪಾಸು ಮಾಮೂಲು, 120 ದಾಟಿದರೆ ಆಯಿಲ್ ಹಾಳಾಗಲು ಶುರು. ಕಡಿದಾದ ತೋಟದ ರಸ್ತೆಯಲ್ಲಿ, ಒದ್ದೆ ಮುರಕಲ್ಲಿನ ಏರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಬಲದ ಗೇರ್) ಹಾಕಿ. ಹೈನಲ್ಲಿ ನಿಧಾನಕ್ಕೆ ಹತ್ತಿಸಿದರೆ ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಆ ಜಾರುವಿಕೆಯೇ ಬಿಸಿ. ಕೆಸರಿನಲ್ಲಿ ಹೂತರೆ ಡಿ ಮತ್ತು ಆರ್ ನಡುವೆ ಚಕ್ರ ತಿರುಗುತ್ತಿರುವಾಗಲೇ ಲಿವರ್ ಎಳೆದಾಡಬೇಡಿ. ಇಳಿದು ಗುದ್ದಲಿ ಹಿಡಿಯುವುದು ಅಗ್ಗ.

ಸೋಮೇಶ್ವರದಿಂದ ಆಗುಂಬೆಗೆ 14 ಹೇರ್‌ಪಿನ್ ತಿರುವು. ಹತ್ತುವಾಗ ಎಲ್ಲಕ್ಕಿಂತ ಮೇಲಿನ ಗೇರ್, ಅಂದರೆ ಓವರ್‌ಡ್ರೈವ್ ಆಫ್ ಮಾಡಿ, ಇಲ್ಲದಿದ್ದರೆ ಪ್ರತಿ ತಿರುವಿಗೂ ಬಾಕ್ಸ್ ಮೇಲೆ ಕೆಳಗೆ ಹುಡುಕಾಡುತ್ತದೆ. ಇಳಿಯುವಾಗ ಕೆಳಗಿನ ಗೇರ್, ಅಂದರೆ 2 ಅಥವಾ ಎಲ್. ಡೀಸೆಲ್ ಉಳಿಸಲು ಎನ್ ಹಾಕಿ ಇಳಿಯುವವರಿಗೆ ಬ್ರೇಕ್ ಮಾತ್ರ ಗತಿ, ಅದು ಬಿಸಿಯಾದರೆ ಅದೂ ಇಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಕಾಲಿನಲ್ಲಿ ಬ್ರೇಕ್ ಹಿಡಿದು ಎನ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಸ್ವಲ್ಪ ಸಡಿಲಿಸಿ ಗಾಡಿಯ ಭಾರ ಹ್ಯಾಂಡ್‌ಬ್ರೇಕ್ ಮೇಲೆ ಕೂತ ಮೇಲೆ ಪಿ ಹಾಕಿ. ದೊಡ್ಡ ಟೈರ್ ಹಾಕಿಸಿದವರಿಗೆ ಒಂದು ಮಾತು: ಟೈರ್ ದೊಡ್ಡದಾದಷ್ಟೂ ಬಾಕ್ಸಿಗೆ ಕೆಲಸ ಜಾಸ್ತಿ, ಕೂಲರ್ ಹಾಕಿಸದೆ ಆ ಚಂದ ಬೇಡ.

ಇಳಿಸಲೇಬೇಕು ಎಂದಾದರೆ

ಸುಟ್ಟ ಆಯಿಲ್, ಪ್ಯಾನಿನಲ್ಲಿ ಚೂರು, ಪ್ರೆಷರ್ ಗೇಜ್ ಹಾಕಿ ನೋಡಿದಾಗಲೂ ಕಡಿಮೆ. ಇವು ಒಟ್ಟಿಗೆ ಇದ್ದರೆ ವಾದ ಬೇಡ, ಇಳಿಸಿ. ಯಾರು ಮಾಡುತ್ತಾರೆ ಎಂಬುದು ಮುಖ್ಯ. ಇದೇ ಬಾಕ್ಸನ್ನು ಬಿಚ್ಚಿ ಕಟ್ಟಿದ ಅನುಭವ ಉಂಟಾ, ಗೇಜ್ ಉಂಟಾ, ಧೂಳು ಬಾರದ ಕೋಣೆ ಉಂಟಾ ಎಂದು ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡುವವರಲ್ಲಿ ಬಿಡಬೇಡಿ. ಊರಿನಲ್ಲಿ ಅಂಥವರು ಸಿಗದಿದ್ದರೆ ಬಾಕ್ಸ್ ಮಾತ್ರ ಇಳಿಸಿ ಬೆಂಗಳೂರಿಗೋ ಕೊಚ್ಚಿಗೋ ಕಳಿಸಬಹುದು. ಹಾಗೆ ಕಳಿಸುವಾಗ ಕನ್ವರ್ಟರನ್ನೂ ಜೊತೆಗೆ ಕಳಿಸಿ. ಸೆಕೆಂಡ್ ಹ್ಯಾಂಡ್ ಬಾಕ್ಸ್ ಕೊಳ್ಳುವುದಾದರೆ ಗಾಡಿಯ ಹೆಸರು ನೋಡಿ ಕೊಳ್ಳಬೇಡಿ, ಬಾಕ್ಸಿನ ಮೇಲಿನ ತಗಡಿನ ನಂಬರ್ ಹೊಂದಬೇಕು. ಅದೇ ಮಾಡೆಲಿನ ಟೂ ವೀಲ್ ಡ್ರೈವ್ ಗಾಡಿಯ ಬಾಕ್ಸಿಗೆ ಟ್ರಾನ್ಸ್‌ಫರ್ ಕೇಸ್ ಕೂರುವುದಿಲ್ಲ.

ಜಾಬ್ ಕಾರ್ಡಿನಲ್ಲಿ ಇಷ್ಟು ಬರೆಸಿ: ಕನ್ವರ್ಟರ್ ಬದಲಿ ಅಥವಾ ರಿಪೇರಿ, ಕೂಲರ್ ಮತ್ತು ಪೈಪ್ ತೊಳೆದದ್ದು, ಹಾಕುವ ಆಯಿಲಿನ ಹೆಸರು, ಬದಲಿಸಿದ ಹಳೇ ಪಾರ್ಟ್ಸ್ ವಾಪಸ್. ಕೂಲರ್ ತೊಳೆಯದಿದ್ದರೆ ಹಳೇ ಚೂರು ಹೊಸ ಬಾಕ್ಸಿಗೆ ಬರುತ್ತದೆ. ಗಾಡಿ ಕೈಗೆ ಬಂದ ಮೇಲೆ ಕಂಪ್ಯೂಟರಿನ ಹಳೇ ಲೆಕ್ಕ ಅಳಿಸಿ ಹೊಸದಾಗಿ ಕಲಿಸಿದ್ದಾರಾ ಎಂದು ಕೇಳಿ, ಇಲ್ಲದಿದ್ದರೆ ಸರಿಯಾದ ಬಾಕ್ಸೂ ಜರ್ಕ್ ಹೊಡೆಯುತ್ತದೆ. ಮೊದಲು ಊರೊಳಗೆ, ಆಮೇಲೆ ಮಣಿಪಾಲದ ಏರಿನಂಥ ಕಡೆ ಓಡಿಸಿ. ವಾಪಸ್ ಬಂದು ಕೆಳಗೆ ರಟ್ಟು ಹಾಸಿ ರಾತ್ರಿ ನಿಲ್ಲಿಸಿ. ಬೆಳಿಗ್ಗೆ ರಟ್ಟಿನ ಮೇಲೆ ಕೆಂಪು ಹನಿ ಇದ್ದರೆ ಅದೇ ದಿನ ಗ್ಯಾರೇಜಿಗೆ ಹೋಗಿ ತೋರಿಸಿ, ಎಂಜಿನ್ ಮತ್ತು ಬಾಕ್ಸ್ ಸೇರುವ ಜಾಗದಿಂದ ಬಿದ್ದಿದ್ದರೆ ಮುಂದಿನ ಸೀಲ್ ಕೂತಿಲ್ಲ, ಮತ್ತೆ ಇಳಿಸಬೇಕಾಗುತ್ತದೆ.